ಕರಕಲು ಮೂಟೆ

"ಕೈ ಸತ್ತೋಯ್ತೇನೇ ಗುನ್ವೋರ್? ಕರಕಲು ಹೋಗ್ತಾ ಐತೆ, ಎತ್ತೇ!" ಮೇಸ್ತ್ರಿ ರಾಗ್ನಾರ್ ಅವಳ ಕಿವಿಯ ಹತ್ತಿರವೇ ಕೂಗಿದ.

ಗುನ್ವೋರ್ ಎತ್ತಿದಳು. ಎಣ್ಣೆಯಿಂದೆದ್ದು ಯಂತ್ರದ ಪಟ್ಟಿಯ ಮೇಲೆ ಸಾಗಿಬರುವ ಆಲೂಗಡ್ಡೆ ಚಿಪ್ಸಿನಲ್ಲಿ ಹಳದಿಯವು ಅಂಗಡಿಗೆ, ಕರಕಲಾದವು ಕಾಲಬುಡದ ಮೂಟೆಗೆ. ಶುಕ್ರವಾರ ಆ ಮೂಟೆ ಆರಿಸುವ ಹೆಂಗಸರ ಪಾಲು. ಕೂಲಿ ಜಾಸ್ತಿ ಕೇಳಿದಾಗಲೆಲ್ಲ ಯಜಮಾನ ಸೋರ್ಬ್ರಿಂಗ್, "ಮೂಟೆ ಕೊಡ್ತೀವಲ್ಲ" ಅನ್ನುತ್ತಿದ್ದ. ಸ್ವೀಡನ್ನಿನ ಆ ತೆಂಕಣ ಊರಿನಲ್ಲಿ ಚಳಿಗಾಲ ಪೂರ್ತಿ ಗುನ್ವೋರಳ ಊಟ ಅದೇ. ಬಟಾಣಿ ಸಾರಿನಲ್ಲಿ ನೆನೆಹಾಕಿ, ಉಪ್ಪುಮೀನು ನಂಚಿಕೊಂಡು.

ವಿಶ್ವವಿದ್ಯಾಲಯದ ಡಾಕ್ಟರಮ್ಮ ಹೆಡ್ವಿಗ್ ಹಿಂದೊಮ್ಮೆ ಬಂದು ಎಲ್ಲರ ರಕ್ತ ತೆಗೆದುಕೊಂಡು ಹೋಗಿದ್ದಳು. ಆಲೂಗಡ್ಡೆ ಸೀಯುವಷ್ಟು ಕರಿದರೆ ಒಂದು ವಿಷ ಹುಟ್ಟುತ್ತದಂತೆ. ತಿಂದವರು ಮರೆತರೂ ರಕ್ತ ತಿಂಗಳುಗಟ್ಟಲೆ ಅದನ್ನು ಮರೆಯುವುದಿಲ್ಲವಂತೆ. ಹೋಲಿಸಿ ನೋಡಲು ರಕ್ತ ತೆಗೆದಿದ್ದ ಹಾಲಿನ ಡೈರಿಯ ಹೆಂಗಸರಿಗಿಂತ ಇವರ ರಕ್ತದಲ್ಲಿ ಅದು ಬಹಳ ಹೆಚ್ಚಿತ್ತು, ಗುನ್ವೋರಳ ರಕ್ತದಲ್ಲಿ ಎಲ್ಲರಿಗಿಂತ ಹೆಚ್ಚು. ಇವತ್ತು ಡಾಕ್ಟರಮ್ಮ ಮತ್ತೆ ರಕ್ತ ತೆಗೆಯಲು, ಕರಕಲು ಇವರ ಹೊಟ್ಟೆಗೆ ಹೇಗೆ ಸೇರಿತೆಂದು ಕೇಳಿ ಬರೆದುಕೊಳ್ಳಲು ಬಂದಿದ್ದಳು. ಊಟಕ್ಕೆಂದು ಕಾರ್ಖಾನೆಯೇ ಕೊಟ್ಟಿತು ಎಂದಾದರೆ ಕಾರ್ಖಾನೆ ಹೊಣೆ. ತಾವಾಗಿ ತಿಂದರು ಎಂದಾದರೆ ಇವರ ಹಣೆಬರಹ.

ಡಾಕ್ಟರಮ್ಮ ಕೂತಿದ್ದ ಊಟದ ಕೋಣೆಯ ಬಾಗಿಲಲ್ಲಿ ಸೋರ್ಬ್ರಿಂಗ್ ಗುನ್ವೋರಳನ್ನು ತಡೆದ.

"ನೋಡು, ಅದು ಹಂದಿಗೆ ಅಂತ ಕೊಟ್ಟಿದ್ದು. ನೀವೇ ಮುಕ್ತೀರ ಅಂತ ನಂಗೇನ್ ಗೊತ್ತು? ಒಳಗೆ ಹಂಗೇ ಹೇಳು."

"ನಮ್ಮನೇಲಿ ಹಂದಿ ಇಲ್ವಲ್ಲ ಧಣಿ."

"ಇತ್ತು ಅನ್ನು. ನಾಳೆ ಕೆಲ್ಸ ಬೇಕೋ ಬ್ಯಾಡ್ವೋ?"

ಸಾಲಿನಲ್ಲಿ ಹಿಂದೆ ನಿಂತಿದ್ದ, ಜೊತೆಯಲ್ಲಿ ಚಿಪ್ಸ್ ಆರಿಸುವ ಮಾಯ್‌ಲಿಸ್, "ನನ್ ಗಂಡನ್ನ ಹಗ್ಗ ಕಟ್ಟಿ ಕರ್ಕೊಂಡೋಗಿ ತೋರ್ಸೇ, ನಂಬ್ತಾರೆ" ಎಂದಳು.

ಗುನ್ವೋರ್ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಸೂಜಿ ಇಳಿಯಿತು. ಬೇರೆ ಯಾರದೋ ತೋಳನ್ನು ನೋಡುವಂತೆ ನೋಡುತ್ತಿದ್ದಳು. ಸೋರ್ಬ್ರಿಂಗ್ ಎದುರಿಗೇ ನಿಂತಿದ್ದ.

"ಆ ಕರಕಲನ್ನ ನಿಮ್ಗೆ ಯಾತಕ್ಕೆ ಅಂತ ಕೊಡ್ತಿದ್ರು?" ಡಾಕ್ಟರಮ್ಮ ಕೇಳಿದಳು.

"ಹಂದಿಗಂತೆ."

ಸೋರ್ಬ್ರಿಂಗ್ ಉಸಿರು ಬಿಟ್ಟ.

"ಹಂದಿ ಸಾಕಿದೀರಾ?"

"ನಾನ್ ಸಾಕಿಲ್ಲ ತಾಯಿ. ಇವ್ರು ಸಾಕಿದಾರೆ, ನಮ್ಮನ್ನ." ಗುನ್ವೋರ್ ಸಾಲಿನಲ್ಲಿದ್ದ ಹೆಂಗಸರ ಕಡೆ ಗದ್ದ ಎತ್ತಿದಳು. ದನಿ ಏರಲಿಲ್ಲ. "ಕೂಲಿ ಕೇಳಿದ್ರೆ ಮೂಟೆ ಹಾಕಿ ಸಾಕಿದ್ರು. ನೀವೀಗ ತೆಗ್ದಿದ್ದು ಹಂದಿ ರಕ್ತಾನೇ. ಬರ್ಕಳಿ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ, ಹಲ್ಕಾ ಮುಂಡೆ!" ಸೋರ್ಬ್ರಿಂಗ್ ಅರಚಿದ.

ಒತ್ತಿ ಹಿಡಿದುಕೊಳ್ಳಲು ಡಾಕ್ಟರಮ್ಮ ಕೊಟ್ಟ ಹತ್ತಿಯನ್ನು ಗುನ್ವೋರ್ ಮೇಜಿನ ಮೇಲಿಟ್ಟು ಎದ್ದಳು. ರಕ್ತ ಸಣ್ಣ ಗೆರೆಯಾಗಿ ಇಳಿದು ಬೆರಳ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿತು. ಅವಳು ಒರೆಸಿಕೊಳ್ಳಲಿಲ್ಲ. ಖಾಲಿಯಾದ ಕುರ್ಚಿಯಲ್ಲಿ ಮಾಯ್‌ಲಿಸ್ ಆಗಲೇ ಕೂತು, ಅಂಗಿಯ ತೋಳನ್ನು ಮೇಲಕ್ಕೆ ಮಡಚುತ್ತಿದ್ದಳು.