ಷಡ್ಡಕನ ಟೆಂಡರು

ನಿವೃತ್ತನಾಗುವವರೆಗೂ ಅವನು ಊರೊಳಗಿನ ಬಸ್ಸು ಓಡಿಸುತ್ತಿದ್ದ. ಯಾರಾದರೂ ಕೈ ಬೀಸುತ್ತ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಬ್ರೇಕು ಒತ್ತುವ ಡ್ರೈವರು ಅವನೊಬ್ಬನೇ ಎಂದು ಹೆಸರಾಗಿತ್ತು. ತಡವಾಯಿತೆಂದು ಮೇಲಿನವರು ಬೈದರೆ, "ಮುಂದಿನ ನಿಲ್ದಾಣ ಎಲ್ಲಿಗೂ ಓಡಿಹೋಗಲ್ಲ ಸಾರ್" ಎನ್ನುತ್ತಿದ್ದ. ಬಸ್ಸು ಬಿಟ್ಟ ಮೇಲೆ ಬಡಾವಣೆಯ ಜನ ಅವನನ್ನು ಸುಮ್ಮನೆ ಕೂರಲು ಬಿಡದೆ ಪುರಸಭೆಯ ಚುನಾವಣೆಗೆ ನಿಲ್ಲಿಸಿದರು. ಆಗಲೂ ಎಲ್ಲರ ಬಾಯಲ್ಲಿ ಅವನು ಡ್ರೈವರಣ್ಣನೇ.

ಚುನಾವಣೆಯ ಖರ್ಚನ್ನು ಷಡ್ಡಕ ವಹಿಸಿಕೊಂಡ. ಹೆಂಡತಿಯ ತಂಗಿಯ ಗಂಡ. ರಸ್ತೆ, ಚರಂಡಿಗಳ ಗುತ್ತಿಗೆದಾರ. ಊರಿನವರು ಅವನನ್ನು ಜಲ್ಲಿ ಸಾಹುಕಾರ ಎನ್ನುತ್ತಿದ್ದರು. ಪೋಸ್ಟರು, ಮೈಕಿನ ಗಾಡಿ, ಓಡಾಡುವ ಹುಡುಗರ ಊಟ, ಎಲ್ಲವೂ ಅವನದೇ.

"ಇಷ್ಟೆಲ್ಲ ಯಾಕಪ್ಪಾ?" ಎಂದು ಡ್ರೈವರಣ್ಣ ಸಂಕೋಚಪಟ್ಟರೆ, "ಅಕ್ಕತಂಗೀರನ್ನ ಕಟ್ಟಿಕೊಂಡವರು ನಾವು. ಒಂದೇ ಜೈಲಿನ ಕೈದಿಗಳು. ಒಬ್ಬರಿಗೊಬ್ಬರು ಆಗದಿದ್ರೆ ಹೇಗೆ?" ಎಂದು ನಕ್ಕುಬಿಟ್ಟ.

ಡ್ರೈವರಣ್ಣ ಗೆದ್ದ. ಮೊದಲ ತಿಂಗಳುಗಳು ಬೀದಿದೀಪ, ಕೊಳಾಯಿ, ಕಸದ ಗಾಡಿ ಎಂದು ಹಾಯಾಗಿ ಕಳೆದವು. ಆಮೇಲೆ ಬಸ್ ನಿಲ್ದಾಣದ ನೆಲಕ್ಕೆ ಹೊಸ ಕಾಂಕ್ರೀಟು ಹಾಕುವ ಕೆಲಸ ಬಂತು. ಆ ನೆಲದ ಒಂದೊಂದು ಗುಂಡಿಯೂ ಅವನ ಬೆನ್ನುಮೂಳೆಗೆ ಪರಿಚಯವಿತ್ತು. ಈ ಕೆಲಸ ಚೆನ್ನಾಗಿ ಆಗಬೇಕು ಎಂಬ ಆಸೆ ಅವನಿಗೆ ಬೇರೆ ಎಲ್ಲದಕ್ಕಿಂತ ಹೆಚ್ಚಾಗಿತ್ತು.

ಡ್ರೈವರಣ್ಣನೂ ಸದಸ್ಯನಾಗಿದ್ದ ಕಾಮಗಾರಿ ಸಮಿತಿಯ ಸಣ್ಣ ಕೋಣೆಯಲ್ಲಿ ಟೆಂಡರು ತೆರೆದರು. ಎರಡೇ ಅರ್ಜಿ. ಒಂದು ಷಡ್ಡಕನದು. ಇನ್ನೊಂದು ಪಕ್ಕದ ಊರಿನ ಒಬ್ಬ ಹೆಂಗಸಿನದು, ಅವಳೂ ಗುತ್ತಿಗೆದಾರಳೇ. ಅವಳ ದರ ಕಡಿಮೆ, ಐದು ವರ್ಷದೊಳಗೆ ಬಿರುಕು ಬಿಟ್ಟರೆ ತಾನೇ ಸರಿಮಾಡಿಕೊಡುತ್ತೇನೆ ಎಂಬ ಮಾತು ಬೇರೆ. ಪುರಸಭೆಯ ಎಂಜಿನಿಯರು ಎರಡನ್ನೂ ಓದಿ, ಕೆಮ್ಮಿ, ಕಿಟಕಿಯಾಚೆ ನೋಡುತ್ತ ಕುಳಿತ. ಆಗ ಬಟ್ಟೆ ಅಂಗಡಿಯ ಯಜಮಾನ, ಸಭೆಯಲ್ಲಿ ಎಲ್ಲರಿಗಿಂತ ಹಳೆಯ ಸದಸ್ಯ, ಬಹಳ ಅಕ್ಕರೆಯಿಂದ ಹೇಳಿದ:

"ಇದರಲ್ಲಿ ಯೋಚನೆ ಮಾಡೋದೇನಿದೆ? ಡ್ರೈವರಣ್ಣನ ಕಡೆಯವರಿಗೆ ಕೊಟ್ಟುಬಿಡೋಣ. ನಾಳೆ ನಮ್ಮ ಕಡೆಯವರದು ಬಂದಾಗ ಅವರು ನೋಡ್ಕೋತಾರೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಅಕ್ಕರೆಯೇ ಡ್ರೈವರಣ್ಣನಿಗೆ ಚುಚ್ಚಿತು. "ಪೂರ್ತಿ ಸಭೆಯಲ್ಲೇ ತೀರ್ಮಾನ ಆಗಲಿ" ಎಂದಷ್ಟೇ ಹೇಳಿ ಎದ್ದುಬಂದ.

ಮನೆಯಲ್ಲಿ ಹೆಂಡತಿ ಇಸ್ತ್ರಿ ಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಅಂಗಿಯ ಕಾಲರು ತಿರುವಿ ಹಾಕುತ್ತ ಹೇಳಿದಳು: "ಕೊಟ್ರೆ ಊರು ಆಡ್ಕೊಳುತ್ತೆ, ಕೊಡದಿದ್ರೆ ನನ್ನ ತಂಗಿ ಆಡ್ಕೋತಾಳೆ. ಆಡ್ಕೊಳ್ಳೋದಂತೂ ತಪ್ಪಲ್ಲ. ನಿಮಗೆ ಸರಿ ಕಂಡಿದ್ದು ಮಾಡಿ."

ಸಭೆಯ ದಿನ ಆ ವಿಷಯ ಬರುತ್ತಲೇ ಡ್ರೈವರಣ್ಣ ಎದ್ದು ನಿಂತ. "ನಾನು ಈ ಸಾಹುಕಾರನ ಉಪ್ಪು ತಿಂದಿದ್ದೀನಿ. ನನ್ನ ಪೋಸ್ಟರಿಗೆ ಅಂಟು ಹಚ್ಚಿದ್ದೂ ಅವನ ದುಡ್ಡಲ್ಲೇ. ಇದರಲ್ಲಿ ನಾನು ವೋಟು ಹಾಕಲ್ಲ, ಹೊರಗಿರ್ತೀನಿ" ಎಂದು ನಡೆದ.

ಅಧ್ಯಕ್ಷೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು; ಊರಿಗೆಲ್ಲ ಟೀಚರಮ್ಮ. ಅರ್ಧ ಊರಿನ ಕಿವಿ ಹಿಂಡಿದ ಕೈ ಅವರದು. ಕನ್ನಡಕ ಮೂಗಿನ ತುದಿಗೆ ಇಳಿಸಿ, ತರಗತಿಯನ್ನು ನೋಡಿದಂತೆ ಸಭೆಯನ್ನು ನೋಡಿ ಕೇಳಿದರು: "ಜಲ್ಲಿ ಸಾಹುಕಾರರಿಂದ ಚುನಾವಣೆಗೆ ತಗೊಂಡವರು ಇನ್ಯಾರಾದ್ರೂ ಇದ್ದೀರಾ? ಇದ್ರೆ ಅವರೂ ಹೊರಗೆ ಹೋದ್ರೆ ಮರ್ಯಾದೆ."

ಯಾರೂ ಅಲ್ಲಾಡಲಿಲ್ಲ. ಟೀಚರಮ್ಮ ಕಾದರು. ಕೊನೆಗೆ ಬಟ್ಟೆ ಅಂಗಡಿಯ ಯಜಮಾನ ಗಂಟಲು ಸರಿಮಾಡಿಕೊಂಡು ಎದ್ದ. ಅವನ ಹಿಂದೆ ಔಷಧದಂಗಡಿಯವನು, ಅವನ ಹಿಂದೆ ವಕೀಲ. ಆಮೇಲೆ ವಿರೋಧ ಪಕ್ಷದ ಸಾಲೂ ಕುರ್ಚಿ ಎಳೆದು ಎದ್ದಿತು.

ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ ಡ್ರೈವರಣ್ಣನಿಗೆ ಕಣ್ಣು ನಂಬಲಾಗಲಿಲ್ಲ. "ನಿಮಗೂನಾ?" ಎಂದ.

"ನಮಗೂ" ಎಂದ ವಿರೋಧ ಪಕ್ಷದ ನಾಯಕ. "ನಿಮ್ಮೆದುರು ನಿಂತು ಸೋತನಲ್ಲ ನಮ್ಮ ಹುಡುಗ, ಅವನಿಗೂ. ಸ್ವಲ್ಪ ನಿಮಗಿಂತ ಜಾಸ್ತಿನೇ."

ಡ್ರೈವರಣ್ಣನಿಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅವನ ನಗು ನೋಡಿ ವಕೀಲ ನಕ್ಕ, ಬಟ್ಟೆಯಂಗಡಿಯವನು ನಕ್ಕ. ಬಾಗಿಲು ತೆರೆದು ಒಳಗೆ ಇಣುಕಿದರೆ ಟೀಚರಮ್ಮ ಒಬ್ಬರೇ ಕುಳಿತಿದ್ದರು, ಪಕ್ಕದಲ್ಲಿ ಟೀ ತಟ್ಟೆ ಹಿಡಿದ ಜವಾನ. "ಇವನಿಗೆ ವೋಟಿದ್ದಿದ್ರೆ ಇವತ್ತೇ ಮುಗಿಸಿಬಿಡ್ತಿದ್ದೆ" ಎಂದರು ಅವರು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು.

ಅಲ್ಲಿಂದ ಡ್ರೈವರಣ್ಣ ನೆಟ್ಟಗೆ ಷಡ್ಡಕನ ಮನೆಗೆ ಹೋದ. ಅಂಗಳದಲ್ಲಿ ರೋಲರು, ಮರಳಿನ ರಾಶಿ, ಹಲಗೆಗಳು. ಷಡ್ಡಕ ಬನಿಯನ್ನಿನಲ್ಲಿ ಕೂತು ಮಿಕ್ಸರಿನ ಬೆಲ್ಟು ರಿಪೇರಿ ಮಾಡುತ್ತಿದ್ದ.

"ನನ್ನ ಎದುರಾಳಿಗೂ ಕೊಟ್ಟಿದ್ಯಂತಲ್ಲೋ!"

"ಕೊಡದೆ?" ಷಡ್ಡಕ ತಲೆಯೆತ್ತದೆ ಹೇಳಿದ. "ನೀನು ಸೋತಿದ್ರೆ ನನ್ನ ಗತಿ ಏನು?"

"ಮತ್ತೆ ನಾನು ಗೆಲ್ಲಲಿ ಅಂತ ಇರಲಿಲ್ವಾ ನಿನಗೆ?"

"ಇತ್ತಪ್ಪ. ಆಸೆ ನಿನ್ನ ಕಡೆ, ವಿಮೆ ಅವನ ಕಡೆ."

ಅಷ್ಟರಲ್ಲಿ ನಾದಿನಿ ಒಳಗಿನಿಂದ ಬಂದಳು. ಗಂಡನ ವ್ಯವಹಾರದ ಲಗಾಮು ಅವಳ ಕೈಯಲ್ಲೇ ಇತ್ತು. "ಭಾವ, ಚುನಾವಣೆ ಬಂದ್ರೆ ನಮ್ಮನೆ ಹೇಗಿರುತ್ತೆ ಗೊತ್ತಾ? ಒಬ್ಬರು ಎದ್ದುಹೋದ ಕುರ್ಚಿ ತಣ್ಣಗಾಗೋ ಮೊದಲು ಇನ್ನೊಬ್ಬರು ಬಂದು ಕೂರ್ತಾರೆ. ಎಲ್ಲರಿಗೂ ಇವರು ಹಲ್ಲು ಕಿರಿದು ಕೊಡ್ತಾರೆ. ಆ ದುಡ್ಡು ಎಲ್ಲಿಂದ ಬರುತ್ತೆ? ರಸ್ತೆಯಿಂದಾನೇ ಬರ್ಬೇಕು ತಾನೇ? ಆಮೇಲೆ ರಸ್ತೆ ತೆಳ್ಳಗಾಯ್ತು ಅಂತ ಜನ ನನ್ನನ್ನ ಸಂತೇಲಿ ನಿಲ್ಲಿಸಿ ಬೈತಾರೆ."

"ಹಾಗಾದ್ರೆ ಕೊಡಬೇಡಿ!"

"ನಾನೊಬ್ಬನೇ ನಿಲ್ಲಿಸಿದ್ರೆ ಆ ರೋಲರ್ ಮೇಲೆ ಬಟ್ಟೆ ಒಣಗಿಸ್ಬೇಕಾಗುತ್ತೆ" ಎಂದ ಷಡ್ಡಕ. "ಕೊಡೋರು ಬೇರೆ ಇದ್ದಾರಲ್ಲ."

"ಇವರಿಗೆ ಇಲ್ಲ ಅನ್ನೋಕೆ ನಾಲಿಗೆ ಹೊರಳಲ್ಲ ಭಾವ. ಇಲ್ಲ ಅನ್ನೋಕೆ ಒಂದು ಕಾನೂನು ಮಾಡಿಕೊಡಿ" ಎಂದಳು ನಾದಿನಿ.

ಆ ಮಾತು ಡ್ರೈವರಣ್ಣನ ತಲೆಯಲ್ಲಿ ಕೂತುಬಿಟ್ಟಿತು. ಮಾರನೆಯ ಬೆಳಿಗ್ಗೆಯೇ ಟೀಚರಮ್ಮನ ಬಾಗಿಲು ತಟ್ಟಿದ. ತೆಗೆದುಕೊಂಡವರು ಹೊರಗೆ ಹೋಗುವುದಾದರೆ ಸಭೆಯೇ ಖಾಲಿ. ಅದರ ಬದಲು ಕೊಡುವ ಕೈಯನ್ನೇ ಹಿಡಿದರೆ? ಇಬ್ಬರೂ ವಕೀಲನನ್ನು ಕೂರಿಸಿಕೊಂಡು ಹೊಸ ನಿಯಮ ಬರೆದರು. ಪುರಸಭೆಯ ಕೆಲಸ ಬೇಕಾದವರಾಗಲಿ, ಅವರ ಮನೆಯವರಾಗಲಿ, ಪಾಲುದಾರರಾಗಲಿ ಯಾವ ಅಭ್ಯರ್ಥಿಗೂ ಒಂದು ಊಟದ ಬೆಲೆಗಿಂತ ಹೆಚ್ಚು ಕೊಡುವಂತಿಲ್ಲ. ಕೊಟ್ಟರೆ ಆ ಚುನಾವಣೆಯಲ್ಲಿ ಬಂದ ಪುರಸಭೆಯ ಅವಧಿ ಮುಗಿಯುವ ತನಕ ಟೆಂಡರು ಹಾಕುವಂತಿಲ್ಲ. ಅವರ ಹತ್ತಿರ ಕೇಳಲು ಹೋದ ಸದಸ್ಯ ತನ್ನ ಕುರ್ಚಿ ಬಿಡಬೇಕು. ಈಗಾಗಲೇ ಕೊಟ್ಟವರು ಒಂದು ವರ್ಷ ಸುಮ್ಮನಿರಬೇಕು.

ಕೊನೆಯ ಆ ಮಾತು ಷಡ್ಡಕನಿಗೆ ತಲುಪಿದ್ದೇ ತಡ, ಅವನು ಫೋನಿನಲ್ಲಿ ಗುಡುಗಿದ: "ಕಾನೂನು ಮಾಡು ಅಂದ್ರೆ ನನ್ನ ಕುತ್ತಿಗೆ ಅಳತೆಗೇ ಹೊಲಿದ್ಯಲ್ಲೋ!" ಆಮೇಲೆ ಮಾತು ಬಿಟ್ಟ. ಅಕ್ಕತಂಗಿಯರು ಮಾತ್ರ ದಿನಾ ಮಾತಾಡಿಕೊಳ್ಳುತ್ತಿದ್ದರು, ಗಂಡಂದಿರ ವಿಷಯ ಬಿಟ್ಟು ಉಳಿದದ್ದೆಲ್ಲ.

ಡ್ರೈವರಣ್ಣನಿಗೆ ಊಟ ಸೇರಲಿಲ್ಲ. ಬಟ್ಟೆಯಂಗಡಿಯ ಯಜಮಾನ ಬಂದು ಸಮಾಧಾನದ ದಾರಿ ತೋರಿಸಿದ: "ಮುಂದಿನ ಚುನಾವಣೆಯಿಂದ ಜಾರಿ ಅಂತ ಬರೆದುಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." ಇಡೀ ಒಂದು ಸಂಜೆ ಡ್ರೈವರಣ್ಣ ಅದನ್ನೇ ಯೋಚಿಸುತ್ತ ಬಸ್ ನಿಲ್ದಾಣದಲ್ಲಿ ಕುಳಿತ. ಒಂದು ಬಸ್ಸು ಗುಂಡಿಗೆ ಇಳಿದು ಏಳುವಾಗ ಒಳಗಿದ್ದವರ ತಲೆಗಳೆಲ್ಲ ಒಟ್ಟಿಗೆ ಕುಣಿದವು. ಕೂಸನ್ನು ಎತ್ತಿಕೊಂಡು ನಿಂತಿದ್ದ ಒಬ್ಬ ತಾಯಿ ಕಂಬಕ್ಕೆ ಭುಜ ಹೊಡೆದುಕೊಂಡಳು. ಎದ್ದು ಮನೆಗೆ ಬಂದು ಟೀಚರಮ್ಮನಿಗೆ ಫೋನು ಮಾಡಿ, "ಬರೆದಿದ್ದು ಬರೆದ ಹಾಗೇ ಇರಲಿ" ಎಂದ.

ಮತದಾನದ ದಿನ ಸಭಾಂಗಣದ ಹಿಂದಿನ ಸಾಲಿನಲ್ಲಿ ಊರಿನ ಗುತ್ತಿಗೆದಾರರೆಲ್ಲ ಬಂದು ಕುಳಿತಿದ್ದರು. ನಡುವೆ ಷಡ್ಡಕ, ಪಕ್ಕದಲ್ಲಿ ನಾದಿನಿ. ಸಾರ್ವಜನಿಕರು ಮಾತಾಡಬಹುದು ಎಂದಾಗ ಷಡ್ಡಕ ಎದ್ದ. ಈಗ ಬಿತ್ತು ಬೆಂಕಿ ಎಂದುಕೊಂಡ ಡ್ರೈವರಣ್ಣ.

"ನನಗೆ ಕೋಪ ಇದೆ" ಎಂದ ಷಡ್ಡಕ. "ಅದು ಮನೆ ವಿಷಯ, ಆಮೇಲೆ ನೋಡ್ಕೋತೀನಿ. ಒಂದೇ ಪ್ರಶ್ನೆ. ಒಂದು ವರ್ಷ ನಾನು ಕೈಕಟ್ಟಿ ಕೂತ್ರೆ, ಅದಾದ ಮೇಲೆ ಯಾರೂ ನಮ್ಮನೆ ಕುರ್ಚಿ ಬಿಸಿ ಮಾಡೋಕೆ ಬರಲ್ಲ ತಾನೇ?"

"ಬಂದವರ ಕುರ್ಚಿ ಹೋಗುತ್ತೆ" ಎಂದರು ಟೀಚರಮ್ಮ.

"ಯಾವ ಪಕ್ಷದವರಾದ್ರೂ?"

"ನನ್ನ ತಮ್ಮನಾದ್ರೂ."

ಷಡ್ಡಕ ಹೆಂಡತಿಯ ಕಡೆ ನೋಡಿದ. ಅವಳು ಕೂತಲ್ಲಿಂದಲೇ ಹುಬ್ಬು ಹಾರಿಸಿದಳು. "ಹಾಗಾದ್ರೆ ಹಾಕಿ ಹೋಗಲಿ ವೋಟು" ಎಂದು ಅವನು ಕುಳಿತ. ಹಿಂದಿನ ಸಾಲಿನ ಗುತ್ತಿಗೆದಾರರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ವರ್ಷಗಳಿಂದ ಒಬ್ಬರಿಗೊಬ್ಬರು ಹೇಳಿಕೊಳ್ಳದ ಹೊಟ್ಟೆನೋವು ಎಲ್ಲರಿಗೂ ಒಂದೇ ಆಗಿತ್ತು. ಹಿಂದಿನ ಸಾಲು ಚಪ್ಪಾಳೆ ತಟ್ಟುತ್ತಿರುವಾಗ ಬೇಡ ಎಂದು ಕೈಯೆತ್ತುವ ಧೈರ್ಯ ಯಾವ ಸದಸ್ಯನಿಗೂ ಬರಲಿಲ್ಲ. ಬಟ್ಟೆಯಂಗಡಿಯ ಯಜಮಾನನೂ, ಮಳೆ ಹನಿಯುತ್ತಿದೆಯೇ ಎಂದು ನೋಡುವವನಂತೆ, ನಿಧಾನವಾಗಿ ಅಂಗೈ ಮೇಲೆತ್ತಿದ.

ಬಸ್ ನಿಲ್ದಾಣದ ಕೆಲಸ ಪಕ್ಕದ ಊರಿನ ಹೆಂಗಸಿಗೆ ಹೋಯಿತು. ಷಡ್ಡಕ ಬೆಳಿಗ್ಗೆ ಬೆಳಿಗ್ಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು ತಪ್ಪು ಹುಡುಕುತ್ತಿದ್ದ. ಸಿಗಲಿಲ್ಲ. ಅವಳ ರೋಲರು ಕೆಟ್ಟು ನಿಂತ ದಿನ ತನ್ನದನ್ನೇ ಬಾಡಿಗೆಗೆ ಕಳಿಸಿದ. ಉಳಿದಂತೆ ಆ ವರ್ಷ ಒಂದು ಕಾರ್ಖಾನೆಯ ಅಂಗಳ, ಕೆಲವು ಮನೆಗಳ ಕಾಂಪೌಂಡು ಎಂದು ಕೆಲಸ ಸಿಕ್ಕಿತು. "ಮನೆ ಯಜಮಾನರು ಕಾಸಿಗೆ ತಕ್ಕ ಕೆಲಸ ಕೇಳ್ತಾರೆ, ಕೆಲಸಕ್ಕೆ ತಕ್ಕ ಕಾಸು ಕೊಡ್ತಾರೆ. ಇದೂ ಒಂಥರಾ ಚೆನ್ನಾಗಿದೆ" ಎಂದು ಒಂದು ಭಾನುವಾರ ಡ್ರೈವರಣ್ಣನ ಮನೆಗೆ ಬಂದು ಹೇಳಿ, ಮಾತು ಬಿಟ್ಟಿದ್ದೇನೆಂಬುದನ್ನು ಮರೆತವನಂತೆ ಊಟಕ್ಕೆ ಕುಳಿತ.

ಮುಂದಿನ ಚುನಾವಣೆಗೆ ಡ್ರೈವರಣ್ಣ ಮನೆಮನೆಗೆ ನಡೆದೇ ಹೋದ. ಅಂಗೈಯಗಲದ ಚೀಟಿ ಬಿಟ್ಟರೆ ಪೋಸ್ಟರಿಲ್ಲ. ಕಾಲು ಬಾತುಕೊಂಡವು, ಅಂತರ ಕಡಿಮೆಯಾದರೂ ಗೆದ್ದ. ಅದೇ ಪ್ರಚಾರದ ದಿನಗಳಲ್ಲಿ, ನಿಯಮ ಸರಿಯಾಗಿ ಓದದ ಹೊಸ ಅಭ್ಯರ್ಥಿಯೊಬ್ಬ ಜಲ್ಲಿ ಸಾಹುಕಾರನ ಅಂಗಳಕ್ಕೆ ಬಂದುಬಿಟ್ಟ. ಷಡ್ಡಕ ಎದ್ದು ನಿಂತು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಯ್ಯೋ, ಕೊಡೋಣ ಅಂತಾನೇ ಇದ್ದೆ ಸ್ವಾಮಿ. ಏನು ಮಾಡ್ಲಿ, ಕಾನೂನು!" ಎಂದ. ಒಳಗೆ ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆ ಮುಖವನ್ನು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯ ಓಣಿಯ ಚರಂಡಿ ಕೆಲಸಕ್ಕೆ ಷಡ್ಡಕ ಟೆಂಡರು ಹಾಕಿದ. ನಾಲ್ವರಲ್ಲಿ ಅವನದೇ ಕಡಿಮೆ ದರ; ಕೆಲಸ ಸಿಕ್ಕಿತು. ಅರ್ಧ ಮುಗಿದಾಗ ಡ್ರೈವರಣ್ಣ ನೋಡಲು ಹೋದ. ಒಂದು ಬಕೆಟ್ ನೀರು ತರಿಸಿ ಸುರಿದ. ನೀರು ಸ್ವಲ್ಪ ದೂರ ಹೋಗಿ, ಯೋಚಿಸಿದಂತೆ ನಿಂತು, ಹಿಂದಕ್ಕೆ ಬಂತು.

"ಇಳಿಜಾರು ತಪ್ಪಿದೆ. ಕಿತ್ತು ಹಾಕು."

"ಒಂಚೂರು ತಾನೇ?"

"ಒಂಚೂರಾದ್ರೂ ಕಿತ್ತು ಹಾಕು."

ಷಡ್ಡಕ ಮುಖ ಊದಿಸಿಕೊಂಡ. "ಚುನಾವಣೆಗೆ ಖರ್ಚು ಮಾಡಿದ್ದಿದ್ರೆ ನಿನ್ನ ಬಾಯಲ್ಲಿ ಈ ಮಾತು ಬರ್ತಿತ್ತಾ?"

"ಮಾತು ಬರ್ತಿರಲಿಲ್ಲ. ನೀರು ಬರ್ತಿತ್ತು, ಆಸ್ಪತ್ರೆ ಒಳಗೆ."

ಮೇಸ್ತ್ರಿ ಬಗ್ಗಿ ಗುದ್ದಲಿ ಎತ್ತಿಕೊಳ್ಳುವ ನೆಪದಲ್ಲಿ ನಗು ನುಂಗಿದ. ಷಡ್ಡಕ ಗೊಣಗುತ್ತಲೇ ಆ ತುಂಡನ್ನು ಕೀಳಿಸಿದ. ಆ ವಾರದ ಕೊನೆಗೆ ಮತ್ತೆ ಇಬ್ಬರೂ ಅಲ್ಲಿ ನಿಂತರು. ಈ ಸಲ ಬಕೆಟ್ ಷಡ್ಡಕನ ಕೈಯಲ್ಲಿತ್ತು. ನೀರು ಎಲ್ಲೂ ತಡವರಿಸದೆ ಓಣಿಯುದ್ದಕ್ಕೂ ಓಡಿ, ತಿರುವಿನಲ್ಲಿ ಬಳುಕಿ, ದೊಡ್ಡ ಚರಂಡಿಗೆ ಬಿದ್ದ ಸದ್ದು ಇಲ್ಲಿಯವರೆಗೂ ಕೇಳಿಸಿತು.

"ಸರಿಯಾಗಿದೆ" ಎಂದ ಡ್ರೈವರಣ್ಣ.

"ಸರಿಯಾಗಿದೆ ಅಂತ ನನಗೂ ಗೊತ್ತು" ಎಂದ ಷಡ್ಡಕ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಇನ್ನೊಂದು ಬಕೆಟ್ ತಗೊಂಡು ಬಾ" ಎಂದ. ಪರೀಕ್ಷೆ ಮುಗಿದಿತ್ತು, ನೀರು ಹರಿಯುವುದನ್ನು ಇನ್ನೊಮ್ಮೆ ನೋಡಬೇಕೆನಿಸಿತ್ತು, ಅಷ್ಟೇ.