ತಿಳಿಯಾಗದ ಬಿಯರು

ಮೂರನೇ ಸಲವೂ ಬಿಯರು ಕಲಗಚ್ಚಿನ ಹಾಗೇ ಬಂದಾಗ ದ್ವಾರಕಾನಾಥ ಬಾಟಲಿಯನ್ನು ಬೇಸ್‌ಮೆಂಟಿನ ಸಿಂಕಿಗೆ ಕುಕ್ಕಿದ. ಬಾಟಲಿಯ ಕತ್ತು ಮುರಿದು ಅವನ ಹೆಬ್ಬೆರಳನ್ನು ಸೀಳಿತು.

"ಏನ್ರೀ ಅದು ಸದ್ದು?" ಮೇಲಿನಿಂದ ಹೆಂಡತಿ ಅನಸೂಯ ಕೂಗಿದಳು.

"ನನ್ನ ಪಿಂಡ!"

"ಅದನ್ನಾದ್ರೂ ನೆಟ್ಟಗೆ ಮಾಡಿ."

ಪ್ಲಿಮತ್ ಹತ್ತಿರದ ಕಾರು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ದ್ವಾರಕಾನಾಥ ಮೆಶೀನು ರಿಪೇರಿ ಮಾಡುವವನು. ಕಾರಿನ ಬಾಗಿಲು ಒತ್ತುವ ಪ್ರೆಸ್ಸು ಒಂದು ಸಲ ಕೆಮ್ಮಿದರೆ ಸಾಕು, ಯಾವ ಬೋಲ್ಟು ಸಡಿಲ ಎಂದು ಕಿವಿಯಲ್ಲೇ ಹೇಳಿಬಿಡುತ್ತಿದ್ದ. ಅಂಥವನಿಗೆ ಐದು ಗ್ಯಾಲನ್ ನೀರು, ಒಂದು ಡಬ್ಬಿ ಮಾಲ್ಟಿನ ಪಾಕ, ಒಂದು ಚಮಚ ಯೀಸ್ಟು, ಇಷ್ಟನ್ನು ಸೇರಿಸಿ ತಿಳಿಯಾದ ಬಿಯರು ಮಾಡಲು ಬರಲಿಲ್ಲವೆಂದರೆ ಮೈ ಉರಿಯದೆ ಇದ್ದೀತೆ?

ಅವನಿಗೆ ಈ ಹುಚ್ಚು ಹಿಡಿಸಿದವನು ಪಕ್ಕದ ಮನೆಯ ನೊವಾಕ್. ಎಪ್ಪತ್ತು ದಾಟಿದ ಪೋಲಿಷ್ ಮುದುಕ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯನ್ನು ಗರಾಜಿನ ಬೇಲಿಗೆ ಹಬ್ಬಿಸಿಕೊಂಡಿದ್ದ. ಬಾಟಲಿಗೆ ಮುಚ್ಚಳ ಒತ್ತಲು ಅವನ ಹತ್ತಿರ ಅಪ್ಪನ ಕಾಲದ ಎರಕದ ಕಬ್ಬಿಣದ ಯಂತ್ರವೊಂದಿತ್ತು. ಹಿಡಿ ಎಳೆದರೆ ಟಕ್ಕೆಂದು ಮುಚ್ಚಳ ಕೂರುತ್ತಿತ್ತು. ಐವತ್ತು ವರ್ಷದಲ್ಲಿ ಒಂದು ಸ್ಪ್ರಿಂಗನ್ನೂ ಬದಲಾಯಿಸಿರಲಿಲ್ಲ. ಅದನ್ನು ಕಂಡ ದಿನದಿಂದ ದ್ವಾರಕಾನಾಥನಿಗೆ ನಿದ್ದೆಯಲ್ಲೂ ಅದೇ ಟಕ್.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆಯ ಮೊದಲಿಗೆ ಮುದುಕ ಹೇಳಿದ್ದ: "ಅಕ್ಟೋಬರ್ ಕೊನೆಗೆ ಮನೆ ಖಾಲಿ ಮಾಡ್ತೀನಿ. ಫ್ಲಾರಿಡಾದಲ್ಲಿ ಮಗಳ ಮನೆ. ಈ ಯಂತ್ರ ಅವಳಿಗೆ ಬೇಕಂತೆ, ಲ್ಯಾಂಪ್ ಮಾಡಿಸ್ತಾಳಂತೆ. ಮೇಲೊಂದು ಬಲ್ಬು, ಅದಕ್ಕೊಂದು ಟೋಪಿ."

"ಲ್ಯಾಂಪಾ? ಇದನ್ನಾ?" ಕೆಲಸ ಮಾಡುವ ಯಂತ್ರದ ತಲೆಗೆ ಟೋಪಿ ಹಾಕುವುದೆಂದರೆ ದ್ವಾರಕಾನಾಥನಿಗೆ ಜೀವಂತ ಎತ್ತಿಗೆ ಹುಲ್ಲು ತುಂಬಿ ನಿಲ್ಲಿಸಿದಂತೆ.

"ಹಾಗಾದ್ರೆ ನೀನು ತಿಳಿ ಬಿಯರು ಮಾಡಿ ತೋರಿಸು, ಎಂಜಿನಿಯರ್. ಗ್ಲಾಸಿನ ಹಿಂದೆ ಪೇಪರ್ ಹಿಡೀತೀನಿ. ಅಕ್ಷರ ಓದೋಕೆ ಬಂದ್ರೆ ಯಂತ್ರ ನಿಂದು. ಬರದಿದ್ರೆ ಲ್ಯಾಂಪು."

ಮೊದಲ ಸಲ ಅಕ್ಷರವಿರಲಿ, ಪೇಪರೇ ಕಾಣಲಿಲ್ಲ. ಬ್ರೆಡ್ಡಿನ ಯೀಸ್ಟು ತಳಕ್ಕೆ ಗಟ್ಟಿಯಾಗಿ ಕೂರುವುದಿಲ್ಲ, ಬಿಯರಿನದೇ ತಾ ಎಂದ ಮುದುಕ. ತಂದ. ಎರಡನೇ ಸಲವೂ ಮೋಡ. ಪಾತ್ರೆ ಅಲುಗಿಸಬೇಡ, ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಿಸಬೇಡ, ತಳದ ಗಸಿ ಬಿಟ್ಟು ಮೇಲಿಂದ ಮಾತ್ರ ಕೊಳವೆಯಲ್ಲಿ ಎಳೆದುಕೋ ಎಂದ. ಎಲ್ಲ ಆಯಿತು. ಕೂಸು ಮಲಗಿದ ಮನೆಯಲ್ಲಿ ನಡೆದಾಡಿದ ಹಾಗೆ ಬೇಸ್‌ಮೆಂಟಿನಲ್ಲಿ ತುದಿಗಾಲಲ್ಲಿ ನಡೆದ. ಮೂರನೇ ಸಲ ಇದೀಗ ಸಿಂಕಿನ ಪಾಲು.

ಬೆರಳಿಗೆ ಟಿಂಕ್ಚರ್ ಅಯೋಡಿನ್ ಬಳಿದುಕೊಂಡು, ಉಳಿದ ಬಾಟಲಿಗಳಲ್ಲಿ ಒಂದನ್ನು ಹಿಡಿದು ಅವನು ಬೇಲಿ ದಾಟಿದ. ಮುದುಕ ಗ್ಲಾಸಿಗೆ ಬಗ್ಗಿಸಿ ನೋಡಿದ, ಮುಖ ಕಿವಿಚಿದ, ಕುಡಿದೂ ಕುಡಿದ. ಬಡತನ ಕಂಡವನು, ಚೆಲ್ಲಿ ಗೊತ್ತಿಲ್ಲ.

"ಹಾಪ್ಸ್ ಕಟ್ಟಿ ಕುದಿಸೋ ಬಟ್ಟೆ ಒಗೀತೀಯಾ?"

"ಪ್ರತಿ ಸಲ ಹೆಂಡ್ತಿ ಒಗೀತಾಳೆ."

"ಇನ್ನೂ ಚೆನ್ನಾಗಿ ಒಗೆಸು. ಕೊನೇಗೆ ಜೆಲಟಿನ್ ಹಾಕು, ಮಡ್ಡಿ ಎಲ್ಲ ಕೆಳಗೆ ಎಳೀತದೆ."

"ಯಾತರದ್ದು ಅದು?"

"ಹಂದಿ ಚರ್ಮ, ಎಲುಬು."

"ಆಗಲ್ಲ."

"ಒಣಗಿಸಿದ ಮೀನಿನ ಗಾಳಿಚೀಲ ಇದೆ. ಹಳೇ ಪದ್ಧತಿ."

"ಅದೂ ಆಗಲ್ಲ. ನಾವು ತಿನ್ನಲ್ಲ."

"ತಿನ್ನು ಅಂದೋರು ಯಾರು? ಕುಡಿ!"

ಮನೆಗೆ ಬಂದು ಇದನ್ನು ಹೇಳಿದರೆ ಅನಸೂಯ ಸೌಟು ಹಿಡಿದೇ ನಕ್ಕಳು. "ಕುಡಿಯೋಕೆ ಅಡ್ಡ ಬರದ ಮಡಿ ತಿಳಿ ಮಾಡೋಕೆ ಅಡ್ಡ ಬಂತಾ?"

"ನೀನು ಬಟ್ಟೆ ನೆಟ್ಟಗೆ ಒಗೀತಿಲ್ಲವಂತೆ!"

"ನಾನಾ? ಹೋಗಿ ಬೀರು ನೋಡಿ, ಬೆಳ್ಳಗೆ ಕೊಕ್ಕರೆ ಹಾಗಿದೆ ನಿಮ್ಮ ಪಂಚೆ."

ಮುದುಕ ಹೊರಡಲು ಇನ್ನು ಆರು ವಾರ. ಕುದಿಸಿ, ಹುಳಿ ಬರಿಸಿ, ಬಾಟಲಿಯಲ್ಲಿ ಮಾಗಿಸಲು ನಾಲ್ಕೈದು ವಾರ ಬೇಕು. ಇದೇ ಕೊನೆಯ ಸಲ. ದ್ವಾರಕಾನಾಥ ಹಾಪ್ಸ್ ಕಟ್ಟಲು ಎಂದಿನಂತೆ ಬೀರುವಿನಿಂದ ಎಲ್ಲಕ್ಕಿಂತ ಶುಭ್ರವಾದ ಪಂಚೆಯನ್ನು ಆರಿಸಿ ತಂದು, ತಣ್ಣೀರಲ್ಲಿ ನೆನೆಸಿ ಹಿಂಡಿದ.

ಬಿಚ್ಚಿದರೆ ಬಟ್ಟೆಯ ಮೇಲೆ ನೀಲಿ ಕಲೆಗಳು. ಒಂದು, ಎರಡು, ಮೂರು, ಎಲ್ಲ ಹೆಬ್ಬೆರಳಿನ ಗಾತ್ರದವು.

ಇಂಕು ಎಂದುಕೊಂಡು ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಮಳವಳ್ಳಿ ಕಡೆಯ ಅವನ ಹಳ್ಳಿ ಶಾಲೆಯಲ್ಲಿ ಪ್ರಯೋಗದ ಸಾಮಾನು ಅಂತ ಇದ್ದದ್ದು ಗಾಯಕ್ಕೆ ಹಚ್ಚುವ ಟಿಂಕ್ಚರ್ ಸೀಸೆ ಒಂದೇ. ಮೇಷ್ಟ್ರು ಅದರ ಒಂದು ಹನಿಯನ್ನು ಗಂಜಿಗೆ ಬಿಟ್ಟು, ಗಂಜಿ ಇದ್ದಲ್ಲಿ ನೀಲಿ, ನೀಲಿ ಇದ್ದಲ್ಲಿ ಗಂಜಿ ಎಂದು ಮೂವತ್ತು ಮಕ್ಕಳಿಂದ ಕೂಗಿಸಿದ್ದರು. ದ್ವಾರಕಾನಾಥ ಓಡಿಹೋಗಿ ಟಿಂಕ್ಚರ್ ತಂದು, ಮೂರನೇ ಸಲದ ಬಿಯರಿಗೆ ಒಂದು ಹನಿ ಬಿಟ್ಟ. ಬಿಯರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಅನಸೂಯಾ!"

ಅವಳು ಇಳಿದು ಬಂದು ಮೊದಲು ಪಂಚೆ ನೋಡಿದಳು. "ಅಯ್ಯೋ, ಹಾಳ್ಮಾಡಿದ್ರಲ್ಲ!"

"ಇದಕ್ಕೆ ಗಂಜಿ ಹಾಕಿದ್ಯಾ?"

"ಹತ್ತೊಂಬತ್ತು ವರ್ಷದಿಂದ ಹಾಕ್ತಿದೀನಿ."

"ಬಿಯರು ಕುದಿಸೋ ಬಟ್ಟೆಗೆ ಯಾರಾದ್ರೂ ಗಂಜಿ ಹಾಕ್ತಾರೇನೇ?"

"ಉಡೋ ಪಂಚೇನ ಯಾರಾದ್ರೂ ಬಿಯರಲ್ಲಿ ಕುದಿಸ್ತಾರೇನ್ರೀ? ಚೆಲ್ಲಿದ್ದು ಒರೆಸಿದೀರಿ ಅಂದ್ಕೊಂಡೆ ನಾನು. ಚೆನ್ನಾಗಿ ಒಗಿ, ಚೆನ್ನಾಗಿ ಒಗಿ ಅಂತ ತಲೆ ತಿಂದ್ರಿ. ಒಗೆದೆ, ಗಂಜಿ ಹಾಕಿದೆ, ಇಸ್ತ್ರಿ ಮಾಡಿದೆ. ನೀವು ಹೇಳ್ದಷ್ಟೂ ಗಟ್ಟಿ ಗಂಜಿ ಹಾಕಿದೆ."

"ಸರಿ, ತಪ್ಪೆಲ್ಲ ನಂದೇ ಅನ್ನು!"

"ನಾನ್ಯಾಕೆ ಅನ್ನಲಿ? ನೀಲೀಲಿ ಹೆಬ್ಬೆಟ್ಟು ಒತ್ತಿದೀರಲ್ಲ."

ಗಂಜಿಯ ಮಡ್ಡಿಗೆ ಯಾವ ಎಲುಬಿನ ಪುಡಿಯೂ ಮದ್ದಲ್ಲ, ಕಾಯುವುದೂ ಮದ್ದಲ್ಲ. ವಾರಗಟ್ಟಲೆ ತುದಿಗಾಲಲ್ಲಿ ನಡೆದದ್ದೆಲ್ಲ ದಂಡ. ಅನಸೂಯ ಗೊಣಗುತ್ತಲೇ ಹೊಸ ಮಲ್ಲಿನ ತುಂಡೊಂದನ್ನು ತಂದು ಎಸೆದಳು. ಅವನು ಅದನ್ನು ಎರಡು ಸಲ ಕುದಿಸಿ, ಆರಿಸಿ, ಮೂಲೆಗೊಂದರಂತೆ ನಾಲ್ಕು ಹನಿ ಟಿಂಕ್ಚರ್ ಬಿಟ್ಟು ನೋಡಿ, ನೀಲಿ ಬರಲಿಲ್ಲವೆಂದು ಖಾತ್ರಿಯಾದ ಮೇಲೇ ಹಾಪ್ಸ್ ಕಟ್ಟಿದ.

ಅಕ್ಟೋಬರ್ ಕೊನೆಯ ಶನಿವಾರ ನೊವಾಕನ ಡ್ರೈವ್‌ವೇಯಲ್ಲಿ ಕಾರು ತುಂಬಿ ನಿಂತಿತ್ತು. ಸ್ಟಿಯರಿಂಗ್ ಮುಂದೆ ಮಗಳು. ಯಂತ್ರ ಇನ್ನೂ ಮೆಟ್ಟಿಲ ಮೇಲಿತ್ತು. ದ್ವಾರಕಾನಾಥ ಬಾಟಲಿ ತೆರೆದು ನಿಧಾನವಾಗಿ ಬಗ್ಗಿಸಿದ. ಮುದುಕ ಗ್ಲಾಸಿನ ಹಿಂದೆ ಪೇಪರ್ ಹಿಡಿದು, ಕನ್ನಡಕ ಏರಿಸಿ ಓದಿದ: "ಮಾರಾಟಕ್ಕಿದೆ. ಹುಲ್ಲು ಕತ್ತರಿಸೋ ಮೆಶೀನು. ಒಬ್ಬನೇ ಮಾಲೀಕ." ಗ್ಲಾಸು ಕೆಳಗಿಳಿಸಿದ. "ಏನಾಗಿತ್ತು?"

ಸುಳ್ಳು ಹೇಳಬಹುದಿತ್ತು. ನೀರು ಸರಿಯಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ರಿಪೇರಿ ಮಾಡಿದವನು ಕೆಟ್ಟಿದ್ದೇನೆಂದು ಹೇಳಬೇಕು.

"ಬಟ್ಟೇಲಿ ಗಂಜಿ ಇತ್ತು. ನಾನು ಉಡೋ ಬಟ್ಟೆ."

"ಉಡೋದಾ? ಎಲ್ಲಿಗೆ?"

ದ್ವಾರಕಾನಾಥ ಸೊಂಟ ತೋರಿಸಿದ.

ಮುದುಕ ಗ್ಲಾಸು ನೋಡಿದ, ಸೊಂಟ ನೋಡಿದ. "ಮೂರು ಸಲ ನಾನು ನಿನ್ನ ಪ್ಯಾಂಟು ಕುಡಿದೆನಾ?"

"ಒಗೆದದ್ದು. ಇಸ್ತ್ರಿ ಮಾಡಿದ್ದು."

"ಈ ಸಲ?"

"ಹೊಸ ಬಟ್ಟೆ. ಯಾರೂ ಉಟ್ಟಿಲ್ಲ."

ಮುದುಕ ಮೂಸಿದ, ಒಂದು ಗುಟುಕು ಕುಡಿದ, ಆಮೇಲೆ ಎಲ್ಲವನ್ನೂ ಕುಡಿದ. "ಸಪ್ಪೆ," ಎಂದ. "ಮುಂದಿನ ಸಲ ಹಾಪ್ಸ್ ಜಾಸ್ತಿ ಹಾಕು." ಕಾಲಿನಿಂದ ಯಂತ್ರವನ್ನು ಅವನ ಕಡೆ ತಳ್ಳಿದ.

"ಡ್ಯಾಡ್! ನನ್ನ ಲ್ಯಾಂಪು!" ಮಗಳು ಕಾರಿನಿಂದ ಕೂಗಿದಳು.

"ಅಂಗಡೀಲಿ ಲ್ಯಾಂಪು ಮಾರ್ತಾರೆ," ಎಂದ ಮುದುಕ.

ಅವಳು ಬಾಗಿಲು ತೆಗೆಯುವ ಮೊದಲೇ ದ್ವಾರಕಾನಾಥ ಯಂತ್ರವನ್ನು ಎದೆಗವಚಿಕೊಂಡು ಬೇಲಿ ದಾಟಿದ್ದ.