ಮರಳೊಳಗಿನ ನ್ಯಾಯಾಧೀಶ

ನನ್ನ ಮಗ ರಸ್ ದನಿ ತಗ್ಗಿಸಿ, ಜೇನು ಸವರಿದ ಹಾಗೆ ಮಾತಾಡತೊಡಗಿದನೆಂದರೆ ನನ್ನಿಂದ ಏನನ್ನೋ ಬಿಡಿಸಲು ಹೊರಟಿದ್ದಾನೆ ಎಂದೇ ಅರ್ಥ. ಉಪ್ಪು ಬಿಡಿಸಿದ್ದು ಆ ದನಿಯಲ್ಲಿ. ಏಣಿ ಹತ್ತುವುದನ್ನು ಬಿಡಿಸಿದ್ದೂ ಅದರಲ್ಲೇ. ಗರಿ ದ್ವೀಪದ ಪೂರ್ವ ತೀರದಲ್ಲಿ, ಮರಳದಿಬ್ಬದ ಹಿಂದೆ ಹಾಕಿದ ನಮ್ಮ ಡೇರೆಯ ಮುಂದೆ, ಚಹಾ ಲೋಟ ಹಿಡಿದುಕೊಂಡು ಅವನು ಮತ್ತೆ ಅದೇ ದನಿ ತೆಗೆದಾಗ ಈ ಸಲದ ಸರದಿ ಕಡಲಿನದು ಎಂದು ಗೊತ್ತಾಯಿತು.

"ಅಮ್ಮ, ಮುಂದಿನ ವರ್ಷದಿಂದ ಡೇರೆ ಬೇಡ. ಆಚೆ ದಡದಲ್ಲಿ ಒಂದು ಒಳ್ಳೇ ಕಾಟೇಜ್ ನೋಡಿದೀನಿ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಸರಳೂ ಇದೆ."

"ಸರಳು ಹಿಡ್ಕೊಂಡ್ರೆ ಮೀನು ಹಿಡಿಯೋ ಕೈ ಯಾವುದೋ?"

"ಮೀನು ಯಾಕೆ ಹಿಡೀಬೇಕು? ಅಲ್ಲೇ ಹೋಟ್ಲಿದೆ, ತರಿಸ್ಕೊಂಡ್ರಾಯ್ತು."

ನಾನು ತಕ್ಷಣ ಆ ಕಾಟೇಜಿನ ಸ್ವಾಗತಕಾರಿಣಿಯಾದೆ. ಮೂಗಿನಿಂದಲೇ ನಗುತ್ತಾ, "ಬನ್ನಿ ಬೆರಿಲ್ ಮೇಡಂ, ನಿಮ್ಮ ಅಲೆಗಳು ಸಿದ್ಧವಾಗಿವೆ. ಬಿಸಿ ಇರಲಾ, ತಣ್ಣಗಿರಲಾ? ಸಕ್ಕರೆ ಎಷ್ಟು?" ಎಂದೆ. ಸೊಸೆ ಲಿನೆಟ್‌ಗೆ ಚಹಾ ನೆತ್ತಿಗೇರಿತು. ರಸ್ ಮಾತ್ರ ನಗಲಿಲ್ಲ.

ಅವನದೂ ತಪ್ಪಲ್ಲ ಅನ್ನಿ. ಕಳೆದ ವರ್ಷ ಕತ್ತಲಲ್ಲಿ ಡೇರೆಯ ಹಗ್ಗಕ್ಕೆ ಎಡವಿ ಬಿದ್ದು ಮೊಣಕಾಲು ಕುಂಬಳಕಾಯಿ ಮಾಡಿಕೊಂಡಿದ್ದೆ. ಇಲ್ಲಿ ಕಡಲತೀರವೇ ರಸ್ತೆ. ಉಬ್ಬರ ಇಳಿಯದೆ ಗಾಡಿ ಹೊರಡುವಂತಿಲ್ಲ. ನೀರು ಇಳಿಯುವ ತನಕ ಅವನು ನನ್ನ ಪಕ್ಕದಲ್ಲಿ ಕೂತು ಉಗುರೆಲ್ಲ ಕಚ್ಚಿ ಮುಗಿಸಿದ್ದ. ಈಗ ಬಲಗಣ್ಣಿಗೆ ಪೊರೆ ಬೇರೆ ಬಂದಿದೆ. ಕಣ್ಣು ಕಾಣದವಳು ಕಾಣೆ ಮೀನು ಹಿಡಿಯಲು ಹೊರಟರೆ ಮಗನಿಗೆ ಭಯವಾಗದೆ ಇರುತ್ತದೆಯೇ? ಆದರೆ ಭಯ ಅವನದು. ಕಡಲು ನನ್ನದು.

"ನೀನು ಹೇಳಿದ ಮಾತ್ರಕ್ಕೆ ಆಯ್ತಾ? ಹುಳ ಹೇಳ್ಲಿ," ಎಂದೆ.

ಇದು ನನ್ನ ಗಂಡ ಕ್ಲೆಮ್ ಬದುಕಿದ್ದಾಗಿನಿಂದ ನಡೆದು ಬಂದ ಕಟ್ಟಳೆ. ಬಿಡಾರದ ಮೊದಲ ಬೆಳಿಗ್ಗೆ, ಇಳಿತದ ಹೊತ್ತಿನಲ್ಲಿ, ಗಾಳಕ್ಕೆ ಸಿಕ್ಕಿಸುವ ಉದ್ದನೆಯ ಮರಳುಹುಳ ಒಂದನ್ನು ಒದ್ದೆ ಮರಳಿನಿಂದ ಬರಿಗೈಯಲ್ಲಿ ಇಡಿಯಾಗಿ ಮೊದಲು ಎಳೆದವರು ಮುಂದಿನ ವರ್ಷದ ಬಿಡಾರ ಎಲ್ಲೆಂದು ಹೇಳಬೇಕು. ತುಂಡಾದರೆ ಲೆಕ್ಕಕ್ಕಿಲ್ಲ. ಉಳಿದವರು ಬಾಯಿ ಮುಚ್ಚಿಕೊಂಡು ಗಂಟುಮೂಟೆ ಕಟ್ಟಬೇಕು. ಒಮ್ಮೆ ಕ್ಲೆಮ್‌ನ ತಮ್ಮ ಗೆದ್ದು ನಮ್ಮನ್ನೆಲ್ಲ ಮರಳುನೊಣಗಳ ರಾಜಧಾನಿಗೆ ಕರೆದೊಯ್ದ. ರಜೆಯಿಡೀ ಕೆರೆದುಕೊಂಡೆವು, ಆದರೂ ಯಾರೂ ಚಕಾರ ಎತ್ತಲಿಲ್ಲ.

ರಸ್ ನನ್ನ ಮೊಣಕಾಲು ನೋಡಿದ, ಕಣ್ಣು ನೋಡಿದ, ಆಮೇಲೆ ಮುಗುಳ್ನಕ್ಕ. "ಆಯ್ತಮ್ಮ. ಹುಳ ಹೇಳ್ಲಿ. ಗೆದ್ದವರ ಮಾತೇ ಮಾತು. ಆಮೇಲೆ ಅಳಬಾರದು."

"ಅಳೋರಿಗೆ ಕರವಸ್ತ್ರ ನಾನೇ ಕೊಡ್ತೀನಿ."

ಹೊರಡುವ ಮೊದಲು ಅವನು ಹೆಂಡತಿಯ ಕತ್ತಿಗೆ, ತನ್ನ ಮೂತಿಗೆ ಸನ್‌ಸ್ಕ್ರೀನ್ ಬಳಿದ. ಗಾಳಿಯಲ್ಲಿ ತೆಂಗಿನಕಾಯಿ ಮಿಠಾಯಿಯ ಘಮ ಎದ್ದಿತು. ನನ್ನ ಕಣ್ಣು ಮಂಜಾಗಿರಬಹುದು, ಮೂಗು ಇನ್ನೂ ಸೇವೆಯಲ್ಲಿದೆ.

"ರಸ್, ಕೈ ತೊಳ್ಕೋ. ಮರಳು ಹಾಕಿ ಚೆನ್ನಾಗಿ ಉಜ್ಜು. ಆ ಘಾಟಿಗೆ ಹುಳ ಬಾಯಿ ಹಾಕಲ್ಲ."

"ಓಹೋ, ಶುರುವಾಯ್ತು ನಾಟಕ! ನಾನು ಕೈ ತಿಕ್ಕುತ್ತಾ ಕೂತಿರ್ಬೇಕು, ನೀನು ಅಷ್ಟರಲ್ಲಿ ಹುಳ ಎಳೀಬೇಕು, ಅಲ್ವಾ?"

"ನಿಜ ಹೇಳ್ತಿದೀನಿ ಮಾರಾಯ. ನಿಮ್ಮಪ್ಪ ಇದ್ದಿದ್ರೆ ಒದ್ದು ನೀರಿಗೆ ಕಳಿಸ್ತಿದ್ರು."

"ನಿನ್ನೆ ಸಂಜೆನೂ ನಿಜಾನೇ ಹೇಳಿದ್ದೆ!"

ಹಿಂದಿನ ಸಂಜೆ ಅವನು ಬ್ರೆಡ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಬಟ್ಟೆ ಬದಲಿಸಲು ಡೇರೆಯೊಳಗೆ ಹೋಗಿದ್ದ. ಇಲ್ಲಿ ತಿಂಡಿ ಹೊರಗಿಟ್ಟರೆ ಡಿಂಗೊ ಎಂಬ ಕಾಡುನಾಯಿಗಳು ಕರೆಯದೆ ಊಟಕ್ಕೆ ಬರುತ್ತವೆ, ಅವುಗಳ ಹಿಂದೆಯೇ ಕಾವಲಿನ ಅಧಿಕಾರಿ ದಂಡ ಹಾಕಲು ಬರುತ್ತಾನೆ. ನಾನು ಡೇರೆಯ ಹಿಂದೆ ನಿಂತು, ಗಂಟಲಿನಲ್ಲಿ ಜಲ್ಲಿ ತುಂಬಿಕೊಂಡು, "ಯಾರ್ರೀ ಇಲ್ಲಿ ಡಿಂಗೊಗಳಿಗೆ ಛತ್ರ ನಡೆಸ್ತಿರೋದು?" ಎಂದು ಗದರಿದ್ದೆ. ಮಗ ಚಡ್ಡಿಯಲ್ಲೇ ಓಡಿ ಬಂದು ಕತ್ತಲಿಗೆ ಕ್ಷಮೆ ಕೇಳಿದ್ದ. ಕಾಲೇಜಿನಲ್ಲಿ ನಾಟಕ ಕಲಿಸಿ ನಿವೃತ್ತಳಾದವಳಿಗೆ ಅಷ್ಟೂ ಬೇಡವೇ? ಆದರೆ ಅದರ ಫಲ ಇದು. ಈಗ ನಾನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಅವನು ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾನೆ.

ನೀರು ದೂರ ಸರಿದಿತ್ತು. ತೀರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಮೇಲೆ ಒಂದು ಗರುಡ ನಮ್ಮನ್ನೇ ತೂಗುತ್ತಾ ಸುತ್ತುತ್ತಿತ್ತು. ತೀರ್ಪು ಹೇಳುವ ಲಿನೆಟ್ ನಡುವೆ ನಿಂತಳು. ಮೀನಿನ ತಲೆ, ಮುಳ್ಳು ತುಂಬಿದ ಬಲೆಚೀಲವನ್ನು ಅವಳೇ ಹಗ್ಗ ಕಟ್ಟಿ ಇಬ್ಬರ ಮುಂದೆಯೂ ಎಳೆದಳು. ಆ ನಾತಕ್ಕೆ ಹುಳ ಮರಳಿನಿಂದ ತಲೆ ಎತ್ತುತ್ತದೆ. ಹಿಂದೆ ಸರಿಯುವ ತೆಳುನೀರು ಆ ಚಿಟಿಕೆಯಷ್ಟು ತಲೆಗೆ ತಾಗಿ ಸೀಳಿದಾಗ ಪುಟ್ಟ ಬಾಣದ ಗುರುತು ಮೂಡುತ್ತದೆ. ಅದನ್ನು ಕಂಡರೆ ಹುಳ ಕಂಡ ಹಾಗೆ.

ನಿಂತು ನೋಡಿದರೆ ನನಗೆ ಬಾಣವೂ ಇಲ್ಲ, ಬಿಲ್ಲೂ ಇಲ್ಲ. ಬರೀ ಬೆಳಕು.

ಅತ್ತ ರಸ್‌ಗೆ ಆಗಲೇ ಒಂದು ಬಾಣ ಕಂಡಿತ್ತು. ಮಂಡಿಯೂರಿ, ಚಿಪ್ಪಿಯ ಮಾಂಸವನ್ನು ಹುಳದ ಮೂತಿಗೆ ಹಿಡಿದ. ಹುಳ ಮೂಸಿತು, ಸರಕ್ಕನೆ ಒಳಗೆ ಹೋಯಿತು. ಇನ್ನೊಂದು ಎದ್ದಿತು. ಅದೂ ಮೂಸಿ ಮಾಯವಾಯಿತು.

"ಏನಾಗಿದೆ ಇವತ್ತು ಇವಕ್ಕೆ?" ಎಂದು ಗೊಣಗಿದ.

"ಮಿಠಾಯಿ ಬೇಡವಂತೆ, ಸಕ್ಕರೆ ಕಾಯಿಲೆ ಇರ್ಬೇಕು," ಎಂದೆ. "ಈಗ್ಲಾದ್ರೂ ಕೈ ತೊಳ್ಕೋ ಮಗನೇ."

"ನನ್ನ ಗಮನ ಕೆಡಿಸ್ಬೇಡ!"

ಎರಡು ಸಲ ಹೇಳಿದ ಮೇಲೆ ನನ್ನ ಕರ್ತವ್ಯ ಮುಗಿಯಿತು. ಮೊಣಕಾಲು ಮಡಚಲು ಒಪ್ಪಲಿಲ್ಲ. ಬೇಡ ಬಿಡು ಎಂದು ಕೈಯೂರಿ, ಸೊಂಟ ಇಳಿಸಿ, ಉದ್ದಕ್ಕೆ ಹೊಟ್ಟೆಯ ಮೇಲೆ ಮಲಗಿಯೇ ಬಿಟ್ಟೆ. ಗಲ್ಲ ಮರಳಿಗೆ ತಾಗಿತು. ಪೊರೆ ಬಂದ ಕಣ್ಣು ಮುಚ್ಚಿದೆ. ಒಂದು ಕಣ್ಣು ಸಾಕು. ಹುಳಕ್ಕಂತೂ ಒಂದೂ ಇಲ್ಲ.

"ಅಮ್ಮ! ಏನಿದು? ಏಳು! ಅಲೆ ಬರುತ್ತೆ!"

"ಅದು ಬರೋದು ಅದರ ಕೆಲಸ ಕಣೋ. ನೀನು ನಿನ್ನ ಕೆಲಸ ನೋಡು."

ಅಲೆ ಬಂದೇ ಬಂತು. ಬಾಯಿಗೆ ಉಪ್ಪು, ಮೂಗಿಗೆ ನೊರೆ. ಮಗ ಬಿಡಿಸಿದ್ದ ಉಪ್ಪು ಹೀಗೆ ಮರಳಿ ಬಂತು. ನೀರು ಹಿಂದೆ ಸರಿಯಿತು. ಆಗ ಕಂಡಿತು, ನನ್ನ ಮೂಗಿನಿಂದ ಗೇಣು ದೂರದಲ್ಲಿ, ಬಾಣ.

ಎಡಗೈಯ ಚಿಪ್ಪಿಯನ್ನು ಹತ್ತಿರ ಹಿಡಿದೆ. ಹುಳ ಕಚ್ಚಿತು. ಕಚ್ಚಿದೊಡನೆ ಹಿಡಿಯಲು ಹೋಗುವುದು ಅವಸರದವರ ಕೆಲಸ. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಅದರ ಕತ್ತಿನ ಎರಡು ಬದಿಗೂ ಮರಳಿನಲ್ಲಿ ಜಾರಿಸಿ ಇಟ್ಟುಕೊಂಡೆ. ಮುಟ್ಟಲಿಲ್ಲ. ಹುಳ ಮಾಂಸ ಕೀಳಲು ಬೆನ್ನು ಬಿಲ್ಲಿನಂತೆ ಬಗ್ಗಿಸಿತು. ಇನ್ನೂ ಇಲ್ಲ. ಮತ್ತೊಂದು ಅಲೆ ಕಿವಿಯ ಮೇಲೆ ಹಾದು ಹೋಯಿತು. ಬೆರಳು ಅಲ್ಲಾಡಿಸಲಿಲ್ಲ. ಹುಳ ಮತ್ತೆ ಬಗ್ಗಿ ಜೋರಾಗಿ ಜಗ್ಗಿತು.

ಚಿವುಟಿದೆ.

ಅದು ಒಳಗಿಂದ ಎಳೆದಾಗ ನಾನು ಸುಮ್ಮನೆ ಹಿಡಿದಿದ್ದೆ, ಅದು ಸಡಿಲಿಸಿದಾಗ ನಾನು ಎಳೆದೆ. ಹಾಗೆ ಜಗ್ಗಿ, ತಡೆದು, ಜಗ್ಗಿ, ಕೊನೆಗೆ ಬಾಲವೂ ಹೊರಗೆ ಬಂತು. ಕೆಂಪು ಹೊಳಪಿನ, ಮಾರುದ್ದದ ಇಡೀ ಹುಳ.

"ಲಿನೆಟ್! ಬಾ ಇಲ್ಲಿ! ತಲೆ ಇದೆಯಾ?"

"ಇದೆ!"

"ಬಾಲ?"

"ಅದೂ ಇದೆ! ಬೆರಿಲ್, ಗೆದ್ರಿ! ಆದ್ರೆ ನೀವು ಯಾಕೆ ಏಳ್ತಿಲ್ಲ?"

ಏಕೆಂದರೆ ಏಳಲು ಬರುತ್ತಿರಲಿಲ್ಲ. ಮೊಣಕಾಲು ಮುಷ್ಕರ ಹೂಡಿತ್ತು. ಗೆದ್ದವಳು ಮರಳಿನಲ್ಲಿ ಮೊಸಳೆಯ ಹಾಗೆ ಬಿದ್ದುಕೊಂಡು ಹುಳ ಬೀಸುತ್ತಿದ್ದೆ. ರಸ್ ಓಡಿ ಬಂದ, ಮುಖ ಬಿಳಿಚಿತ್ತು.

"ನೋಡಿದ್ಯಾ? ಇದಕ್ಕೇ ಹೇಳಿದ್ದು ನಾನು! ನಾನಿಲ್ದೆ ಇದ್ದಿದ್ರೆ?"

"ನೀನಿಲ್ದೆ ಇದ್ದಿದ್ರೆ ಉಬ್ಬರ ಎತ್ತುತ್ತಿತ್ತು. ಮೊದ್ಲು ಹುಳ ತಗೋ, ಆಮೇಲೆ ಅಮ್ಮನ್ನ ಎತ್ತು."

ಅವನು ಹುಳವನ್ನು ಲಿನೆಟ್‌ಗೆ ಕೊಟ್ಟು, ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ. ಅವನ ಅಂಗೈ ನನ್ನ ಗಲ್ಲದ ಹತ್ತಿರ ಬಂತು. ಹಿಡಿದುಕೊಂಡು ಅವನ ಮೂಗಿಗೇ ಒತ್ತಿದೆ.

"ಮೂಸು."

ಮೂಸಿದ. ನನ್ನನ್ನು ನೋಡಿದ. ಇನ್ನೊಮ್ಮೆ ಮೂಸಿದ. "ಅಯ್ಯೋ. ನೀನು ನಿಜಾನೇ ಹೇಳ್ತಿದ್ಯಾ?"

"ವರ್ಷಕ್ಕೊಮ್ಮೆ ಹೇಳ್ತೀನಿ. ಇವತ್ತಿಂದು ಆಯ್ತು."

ಲಿನೆಟ್ ನಗಲಾರಂಭಿಸಿದಳು. ರಸ್ ತಡೆದುಕೊಳ್ಳಲು ನೋಡಿ, ಆಗದೆ, ತನ್ನ ಅಪ್ಪನದೇ ಆ ಗೊರಕೆಯಂಥ ನಗೆ ನಕ್ಕ. ಆ ನಗೆಯ ಅಣಕು ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.

"ಹೇಳು ಹಾಗಾದ್ರೆ," ಎಂದ ಕಣ್ಣೊರೆಸಿಕೊಂಡು. "ಎಲ್ಲಿ ಮುಂದಿನ ವರ್ಷ?"

"ಇಲ್ಲೇ. ಇದೇ ದಿಬ್ಬದ ಹಿಂದೆ." ಅವನ ಒಂದು ಕೈ ಇನ್ನೂ ನನ್ನ ತೋಳು ಬಿಟ್ಟಿರಲಿಲ್ಲ. ಅದನ್ನು ಕಂಡ ಮೇಲೆ ಮುಂದಿನ ಮಾತು ತಾನಾಗಿ ಬಂತು. "ಡೇರೆಯ ಹಗ್ಗಕ್ಕೆಲ್ಲ ಬಿಳಿ ಬಟ್ಟೆ ಕಟ್ಟು. ಕತ್ತಲಾದ್ಮೇಲೆ ನಾನು ಒಬ್ಬಳೇ ಓಡಾಡಲ್ಲ. ಮಲಗೋಕೆ ಒಂದು ಎತ್ತರದ ಮಡಚು ಮಂಚ ತಾ. ಹೊರೋನು ನೀನು."

"ಮತ್ತೆ ಹುಳ ಎಳೆಯೋಕೆ?"

"ಮಲಗಿಯೇ ಎಳೀತೀನಿ. ಎತ್ತೋಕೆ ನೀನಿರ್ತೀಯಲ್ಲ."

ಅವನು ಕಾಟೇಜಿನ ಹೆಸರನ್ನೇ ಎತ್ತಲಿಲ್ಲ. ಆಮೇಲೆ ನೀರಿಗೆ ಹೋಗಿ, ಕೂತು, ಒಂದು ಹಿಡಿ ಒದ್ದೆ ಮರಳು ತೆಗೆದುಕೊಂಡು ಅಂಗೈ, ಬೆರಳಸಂದು, ಉಗುರು ಎಲ್ಲ ಕೆಂಪಾಗುವಂತೆ ತಿಕ್ಕಿದ. ಮೂಸಿ ನೋಡಿಕೊಂಡ. ಮತ್ತೆ ತಿಕ್ಕಿದ.

ನಾನು ಲಿನೆಟ್‌ಳ ಕೈಯಿಂದ ನಾತದ ಚೀಲದ ಹಗ್ಗ ತೆಗೆದುಕೊಂಡೆ. ಕಾಣೆ ಮೀನುಗಳು ಆಚೆ ತಗ್ಗಿನಲ್ಲಿ ಕಾಯುತ್ತಿದ್ದವು, ಒಂದು ಹುಳ ಮೂವರ ಗಾಳಕ್ಕೆ ಸಾಲದು. ಅವನ ಮುಂದೆ ಚೀಲ ಎಳೆಯುತ್ತಾ ಕುಂಟಿಕೊಂಡು ನಡೆದೆ.

"ಎಲ್ಲಮ್ಮ? ಒಂದೂ ಕಾಣ್ತಿಲ್ಲ," ಎಂದ.

"ಮಲಗೋ," ಎಂದೆ.

ನನ್ನ ಮಗ ಆಚೀಚೆ ನೋಡಿ, ಟೋಪಿ ತೆಗೆದಿಟ್ಟು, ಉದ್ದಕ್ಕೆ ಹೊಟ್ಟೆಯ ಮೇಲೆ ಮಲಗಿದ.